ಆ ಫೋಟೋ ಕಳಿಸಿದ್ದು ಯಾರು: ಒಂದು ಬಾಣಂತನದ ಪ್ರಕರಣ

ಈ ಪ್ರಕರಣ ನನ್ನ ಹತ್ತಿರ ಬಂದಿದ್ದು ಕಾಯಿಲೆ ಅಂತ ಅಲ್ಲ, ಜಗಳ ಅಂತ.

ನಾನು ಆಪ್ತಸಮಾಲೋಚಕಿ. ತಿಂಗಳಿಗೊಮ್ಮೆ ಒಂದು ಶಾಲೆಗೆ ಹೋಗಿ ಹೈಸ್ಕೂಲು ಮಕ್ಕಳ ಜೊತೆ ಮಾತಾಡುತ್ತೇನೆ. ಅಲ್ಲಿನ ಟೀಚರ್ ಒಬ್ಬರು ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚುತ್ತಾ ಕೇಳಿದರು: "ಮೇಡಂ, ನನ್ನ ಗೆಳತಿಗೆ ಮಗು ಆದಮೇಲೆ ಜಂಬ ಬಂದಿದೆ. ಎರಡು ತಿಂಗಳಿಂದ ಫೋನ್ ಎತ್ತಲ್ಲ. ಇಂಥವರನ್ನ ಸುಮ್ನೆ ಬಿಟ್ಟುಬಿಡೋದೇ ಒಳ್ಳೇದು ಅಲ್ವಾ?"

ಮಗು ಆಗೋ ಮುಂಚೆಯೂ ಹೀಗೇ ಇದ್ದರಾ ಎಂದು ಕೇಳಿದೆ. "ಎಲ್ಲಿ ಮೇಡಂ, ಎಲ್ಲರಿಗೂ ಅವಳೇ ಫೋನ್ ಮಾಡ್ತಿದ್ದಿದ್ದು" ಎಂದರು. ಹಾಗಾದರೆ ಬಿಡುವ ಮುಂಚೆ ಒಂದು ಸಲ ಹೋಗಿ ನೋಡಿಕೊಂಡು ಬನ್ನಿ, ಮೊದಲೇ ಹೇಳದೆ ಹೋಗಿ ಎಂದೆ. ಅಷ್ಟೇ.

ಆ ಗೆಳತಿಯನ್ನು ಇಲ್ಲಿ ಸುಧಾ ಎಂದು ಕರೆಯುತ್ತೇನೆ. ಟೀಚರ್‌ಗೆ ಶಾಹೀನ ಎಂಬ ಹೆಸರು ಕೊಟ್ಟಿದ್ದೇನೆ. ಮೂರನೆಯವರು ವೀಣಾ. ಹೆಸರು, ಊರು, ಕೆಲಸ, ಗುರುತು ಸಿಗುವಂಥ ಎಲ್ಲವನ್ನೂ ಬದಲಿಸಿದ್ದೇನೆ. ಮೂವರೂ ಬರೆಯಲು ಒಪ್ಪಿದ್ದಾರೆ. ಸುಧಾ ಇದನ್ನು ಪೂರ್ತಿ ಓದಿ ಒಂದು ಸಾಲು ತೆಗೆಸಿದ್ದಾರೆ.

ಹಿನ್ನೆಲೆ

ಸುಧಾಗೆ ಆಗ 29 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಗಂಡನೂ ಅಲ್ಲೇ ಬೇರೊಂದು ಕಡೆ ಉದ್ಯೋಗಿ. ತವರು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಪಟ್ಟಣ. ಮೊದಲ ಹೆರಿಗೆ, ಹಾಗಾಗಿ ಏಳನೇ ತಿಂಗಳ ಸೀಮಂತ ಮುಗಿಸಿ ತವರಿಗೆ ಬಂದಿದ್ದರು. ಹದಿನೆಂಟು ಗಂಟೆ ನೋವು ತಿಂದಮೇಲೆ ಸಿಸೇರಿಯನ್ ಆಯಿತು. ಮಗುವಿಗೆ ಕಾಮಾಲೆ ಬಂದು ಮೂರು ದಿನ ಲೈಟಿನ ಕೆಳಗೆ ಇಟ್ಟಿದ್ದರು. ಆ ಮೂರು ದಿನ ಸುಧಾಗೆ ಮಗುವನ್ನು ಕಿಟಕಿಯ ಗಾಜಿನಿಂದ ನೋಡಿದ ನೆನಪಷ್ಟೇ ಇದೆ.

ಆಮೇಲೆ ಮನೆ, ಬಾಣಂತಿ ಕೋಣೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೈಗೆ ಎಣ್ಣೆ, ಸುಡುಸುಡು ನೀರು, ಸಾಂಬ್ರಾಣಿ ಹೊಗೆ. ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ. ಇದನ್ನೆಲ್ಲ ನಾನು ಗೇಲಿ ಮಾಡುವವಳಲ್ಲ. ಹೆತ್ತವಳಿಗೆ ಒಂದೂವರೆ ತಿಂಗಳು ಅಡುಗೆಮನೆ ಕಡೆ ತಲೆ ಹಾಕಬೇಡ ಎಂದು ಹೇಳುವ ಪದ್ಧತಿ ಸಣ್ಣದಲ್ಲ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಬಾಣಂತಿ ಒಂಟಿಯಾಗಿ ಇರುವುದೇ ಇಲ್ಲ, ಒಂಟಿಯಾಗಿ ಮಾತಾಡುವುದೂ ಇಲ್ಲ. ಯಾರೇ ಬಂದರೂ ಜೊತೆಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಬಂದವರು ನೋಡುವುದು ತೊಟ್ಟಿಲನ್ನು.

ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಬಡತನ, ಗಂಡನ ಹೊಡೆತ, ಹೆಣ್ಣು ಮಗು ಹುಟ್ಟಿದ್ದಕ್ಕೆ ಮನೆಯವರ ಬೇಸರ, ಇಂಥ ಕಡೆ ಬಾಣಂತಿಯರಲ್ಲಿ ಖಿನ್ನತೆ ಹೆಚ್ಚು ಎಂದು ಅದು ತೋರಿಸಿತು. ಸುಧಾ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ಗಂಡು ಮಗು. ಒಳ್ಳೆಯ ತೂಕ. ಗಂಡ ಮೃದು ಮನುಷ್ಯ. 26 ವಾರ ಸಂಬಳದ ರಜೆ. "ಇನ್ನೇನು ಬೇಕಮ್ಮಾ ನಿನಗೆ?" ಎಂದು ಬಂದವರೆಲ್ಲ ಹೇಳುತ್ತಿದ್ದರು. ಅದು ಆಶೀರ್ವಾದ. ಸುಧಾಗೆ ಮಾತ್ರ ಅದು ಬಾಯಿಗೆ ಹಾಕಿದ ಬೀಗ.

ಇನ್ನು ಗೆಳತಿಯರು. ಬಿ.ಕಾಂ. ಓದುವಾಗ ಮೂವರೂ ಒಂದೇ ಹಾಸ್ಟೆಲ್ ರೂಮಿನಲ್ಲಿ ಇದ್ದವರು. ವಾಟ್ಸಾಪ್ ಗುಂಪಿಗೆ ಆ ರೂಮಿನ ನಂಬರೇ ಹೆಸರು. ವೀಣಾಗೆ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ, ಐವಿಎಫ್ ಚಿಕಿತ್ಸೆ ನಡೆಯುತ್ತಿತ್ತು. ಸುಧಾ ಬಸುರಿ ಎಂದು ಗೊತ್ತಾದಾಗ ಮೊದಲು ಸ್ವೀಟ್ ಕಳಿಸಿದ್ದೇ ವೀಣಾ.

ಏನಾಗಿತ್ತು

ಹೆರಿಗೆಯಾದ ಮೂರು-ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ತುಂಬಾ ಸಾಮಾನ್ಯ. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಸುಧಾ ಕೂಡ ಅತ್ತರು. ಮೂರನೇ ವಾರಕ್ಕೆ ಅಳು ನಿಂತಿತು. ಮನೆಯವರು ಸದ್ಯ, ಸರಿಹೋಯಿತು ಅಂದುಕೊಂಡರು.

ನಿಂತಿದ್ದು ಅಳು ಮಾತ್ರ. ಅದರ ಜಾಗಕ್ಕೆ ಬಂದಿದ್ದನ್ನು ಸುಧಾ ಆಮೇಲೆ ನನಗೆ ಹೀಗೆ ಹೇಳಿದರು: "ಮರದ ಥರ ಆಗಿದ್ದೆ ಮೇಡಂ. ಮಗು ಅತ್ರೆ ಎದ್ದು ಹಾಲು ಕೊಡ್ತಿದ್ದೆ. ಯಾರೋ ಹೇಳಿದ ಕೆಲಸ ಮಾಡೋ ಹಾಗೆ." ಮಗು ಮಲಗಿದಾಗಲೂ ನಿದ್ದೆ ಇಲ್ಲ. ತಟ್ಟೆ ಮುಂದೆ ಕೂತರೆ ತುತ್ತು ಇಳಿಯದು. ಮಗುವಿಗೆ ಸ್ನಾನ ಮಾಡಿಸಲು ಮುಂದೆ ಬರಲಿಲ್ಲ. ಮಹಡಿಗೆ ಹೋಗುವುದನ್ನೇ ಬಿಟ್ಟರು. ಓದಿದ ಹುಡುಗಿ, ಸ್ವಲ್ಪ ಸೋಮಾರಿ ಎಂದು ಅಜ್ಜಿ ನಕ್ಕರು.

ಮನೆಯವರು ಏನೂ ಮಾಡಲಿಲ್ಲ ಅನ್ನುವ ಹಾಗಿಲ್ಲ. ಮೂರು ಸಲ ದೃಷ್ಟಿ ತೆಗೆದರು. ಒಂದು ತಾಯಿತ ಕಟ್ಟಿಸಿದರು. ಪರಿಚಯದ ಡಾಕ್ಟರ್ ಹತ್ತಿರ ಸುಸ್ತು ಎಂದು ಹೇಳಿ ಟಾನಿಕ್ ತಂದರು. ಹಾಲು ಸಾಲುತ್ತಿಲ್ಲ ಎಂದು ಸಬ್ಬಸಿಗೆ ಸೊಪ್ಪು ದಿನಾ ಬೇಯಿತು. ಆಶಾ ಕಾರ್ಯಕರ್ತೆಯೂ ಬಂದಿದ್ದರು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು ಎಂಬ ನಿಯಮ ಇದೆ. ಆದರೆ ಅವರ ಕೈಯಲ್ಲಿರುವ ಫಾರಂನ ಹೆಚ್ಚಿನ ಪ್ರಶ್ನೆಗಳು ಮಗುವಿನ ತೂಕ, ಜ್ವರ, ಹಾಲು ಕುಡಿಯುವುದು ಇಂಥವೇ. "ನೀನು ಚೆನ್ನಾಗಿದ್ದೀಯಾ?" ಎಂದು ಆ ಕಾರ್ಯಕರ್ತೆ ಪಾಪ ಕೇಳಿದ್ದಾರೆ. ಅಡುಗೆಮನೆಯಿಂದ ಅಮ್ಮ ಉತ್ತರ ಕೊಟ್ಟಿದ್ದಾರೆ: "ಚೆನ್ನಾಗಿದ್ದಾಳೆ, ಬನ್ನಿ ಕಾಫಿ ಕುಡೀರಿ."

ಇದೇ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಸುಧಾ ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಆದರೆ ಎರಡು ಮೂರು ದಿನಕ್ಕೊಮ್ಮೆ ಅವರ ನಂಬರಿನಿಂದ ಮಗುವಿನ ಫೋಟೋ ಬರುತ್ತಿತ್ತು. ಬೊಟ್ಟು ಇಟ್ಟ ಮಗು, ಟೋಪಿ ಹಾಕಿದ ಮಗು, ಕೆಳಗೆ ಹೃದಯದ ಚಿತ್ರ. ಒಂದು ರಾತ್ರಿ ವೀಣಾ ಗುಂಪಿನಲ್ಲಿ ಉದ್ದಕ್ಕೆ ಬರೆದರು. ಎರಡನೇ ಐವಿಎಫ್ ಕೂಡ ಕೈಕೊಟ್ಟಿದೆ, ಯಾರ ಜೊತೆಯೂ ಮಾತಾಡಲು ಆಗುತ್ತಿಲ್ಲ, ನಿಮ್ಮಿಬ್ಬರಿಗೆ ಹೇಳಬೇಕು ಅನಿಸಿತು ಎಂದು. ಶಾಹೀನ ತಕ್ಷಣ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಸುಧಾ ನಂಬರಿನಿಂದ ಬಂದಿದ್ದು ತೊಟ್ಟಿಲಲ್ಲಿ ನಗುವ ಮಗುವಿನ ಫೋಟೋ. ಕೆಳಗೆ ಮೂರು ಹೃದಯ.

ವೀಣಾ ಏನೂ ಹೇಳದೆ ಗುಂಪು ಬಿಟ್ಟರು. ಶಾಹೀನ ಜಂಬ ಅಂದಿದ್ದು ಇದನ್ನೇ.

ಮೊದಲ ಭೇಟಿ, ನನ್ನ ತಪ್ಪು

ಶಾಹೀನ ಒಂದು ಭಾನುವಾರ ಹೇಳದೆ ಹೋದರು, ಒಳಗೊಳಗೆ ಜಗಳಕ್ಕೆ ಸಿದ್ಧರಾಗಿಯೇ. ವಾಪಸ್ ಬಂದು ನನಗೆ ಫೋನ್ ಮಾಡಿದಾಗ ದನಿ ಬೇರೆಯಾಗಿತ್ತು. "ಅವಳು ಗೋಡೆ ಮೂಲೇಲಿ ನೆಲದ ಮೇಲೆ ಕೂತು ಮಗು ಹಿಡ್ಕೊಂಡಿದ್ಲು ಮೇಡಂ. ಮಂಚ ಇದೆ, ಕುರ್ಚಿ ಇದೆ. ಯಾಕೆ ಕೆಳಗೆ ಅಂದೆ. ಇಲ್ಲಿಂದ ಬೀಳಲ್ಲ ಅಂದ್ಲು."

ಮುಂದಿನ ವಾರ ನಾನೂ ಅವರ ಜೊತೆ ಹೋದೆ. ನಾನು ಯಾರು ಎಂಬುದನ್ನು ಬಾಗಿಲಲ್ಲೇ ಹೇಳಿದೆ. ಸುಳ್ಳು ಹೇಳಿ ಒಳಗೆ ಹೋಗಬಾರದು ಎಂಬುದು ನನ್ನ ನಿಯಮ. ಅದು ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು.

ಎಡಿನ್‌ಬರ್ಗ್ ಮಾಪನ ಎಂದು ಬಾಣಂತಿಯರ ಖಿನ್ನತೆ ಗುರುತಿಸುವ ಒಂದು ಪ್ರಶ್ನಾವಳಿ ಇದೆ. 1987ರಲ್ಲಿ ಬ್ರಿಟನ್‌ನಲ್ಲಿ ರೂಪಿಸಿದ್ದು, ಕನ್ನಡದಲ್ಲೂ ಇದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿತ್ತು ಎಂದು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ್ ನೋಡಲೇಬೇಕು ಎನ್ನುತ್ತೇವೆ. ನಾನು ಆ ಹತ್ತು ಪ್ರಶ್ನೆಗಳನ್ನು ನಡುಮನೆಯಲ್ಲಿ ಕೇಳಿದೆ. ಪಕ್ಕದಲ್ಲಿ ಅಮ್ಮ. ಎದುರಿಗೆ ಅಜ್ಜಿ. ಬಾಗಿಲಲ್ಲಿ ಅಪ್ಪ ಪೇಪರ್ ಹಿಡಿದುಕೊಂಡು. ಬಂದ ಅಂಕ 6.

ಹತ್ತನೇ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂದಿತ್ತಾ ಎಂಬುದು. ಅದನ್ನು ಕೇಳಿದಾಗ ಸುಧಾ ಅಮ್ಮನ ಮುಖ ನೋಡಿ "ಇಲ್ಲ" ಎಂದರು. ನನಗೆ ಆ ನೋಟ ಕಂಡಿತ್ತು. ಆದರೂ ಡೈರಿಯಲ್ಲಿ "6, ನಿಗಾ ಇಡಬೇಕು" ಎಂದು ಬರೆದು ಎದ್ದೆ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳು ನಾನು. ಅಂಕ ಸಿಕ್ಕಿತು ಎಂದರೆ ಕೆಲಸ ಮುಗಿಯಿತು ಅನ್ನುವ ಸಮಾಧಾನ ಎಷ್ಟು ಬೇಗ ಬರುತ್ತದೆ ನೋಡಿ.

ಆಟೋ ಸ್ಟ್ಯಾಂಡಿನವರೆಗೆ ಸುಧಾ ತಂಗಿ ಜೊತೆಗೆ ಬಂದಳು. ಡಿಗ್ರಿ ಕೊನೇ ವರ್ಷದ ಹುಡುಗಿ. ದಾರಿಯಲ್ಲಿ ಶಾಹೀನ ಸ್ವಲ್ಪ ಖಾರವಾಗಿಯೇ ಕೇಳಿದರು: "ಫೋನ್ ಎತ್ತೋಕೆ ಆಗಲ್ಲ, ಫೋಟೋ ಹಾಕೋಕೆ ಮಾತ್ರ ಆಗುತ್ತಾ ನಿಮ್ಮಕ್ಕನಿಗೆ?"

ಹುಡುಗಿ ನಿಂತುಬಿಟ್ಟಳು. "ಫೋಟೋ ಹಾಕ್ತಿದ್ದಿದ್ದು ನಾನು ಅಕ್ಕಾ. ಅವಳು ಫೋನ್ ಮುಟ್ಟೋದೇ ಇಲ್ಲ. ನೀವೆಲ್ಲ ಬೇಜಾರು ಮಾಡ್ಕೋತೀರಿ ಅಂತ ನಾನೇ ಅವಳ ಫೋನಿಂದ ಹಾಕ್ತಿದ್ದೆ. ಮೆಸೇಜ್ ಓದ್ತಿರಲಿಲ್ಲ, ಫೋಟೋ ಹಾಕಿ ಮುಚ್ಚಿಡ್ತಿದ್ದೆ."

ಈ ಪ್ರಕರಣ ತಿರುಗಿದ್ದು ಇಲ್ಲಿ. ಎರಡು ತಿಂಗಳಿಂದ ಫೋನ್ ಮುಟ್ಟದ ಹೆಂಗಸು, ಎಲ್ಲ ಚೆನ್ನಾಗಿದೆ ಎಂದು ಮನೆಯವರ ಮುಂದೆ ಪಡೆದ 6 ಅಂಕ ನಿಜವಾಗಿರಲು ಸಾಧ್ಯವಿಲ್ಲ. ಇನ್ನೊಮ್ಮೆ ನೋಡಬೇಕಿತ್ತು, ಒಬ್ಬರನ್ನೇ.

ಹೊಂಗೆ ಮರದ ಕೆಳಗೆ

ಒಂಟಿಯಾಗಿ ಸಿಗುವುದು ಹೇಗೆ? ಮಗುವಿನ 14ನೇ ವಾರದ ಲಸಿಕೆ ಹತ್ತಿರ ಇತ್ತು. ಆ ದಿನ ಸರ್ಕಾರಿ ಆಸ್ಪತ್ರೆಗೆ ಬರುತ್ತೇನೆ ಎಂದೆ. ಅಮ್ಮ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತರು. ನಾನು, ಸುಧಾ ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಅದೇ ಹತ್ತು ಪ್ರಶ್ನೆ. ಈ ಸಲ 17.

ಹತ್ತನೆಯದಕ್ಕೆ "ಕೆಲವೊಮ್ಮೆ" ಎಂದರು. ಏನು ಯೋಚನೆ ಬರುತ್ತದೆ ಎಂದು ನೇರವಾಗಿ ಕೇಳಿದೆ. ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳಲು ಒಂದು ದಾರಿ ಸಿಗುತ್ತದೆ. "ಮಲಗಿದವಳು ಏಳದಿದ್ರೆ ಸಾಕು ಅನ್ಸುತ್ತೆ" ಎಂದರು. ಏನಾದರೂ ಮಾಡಿಕೊಳ್ಳುವ ಯೋಚನೆ, ಸಿದ್ಧತೆ ಇದೆಯಾ ಎಂದೂ ಕೇಳಿದೆ. ಇರಲಿಲ್ಲ.

ಆಮೇಲೆ ಮೆಟ್ಟಿಲಿನ ಮಾತು ಬಂತು. "ಮೆಟ್ಟಿಲು ನೋಡಿದ್ರೆ ಮಗು ಕೈಯಿಂದ ಜಾರಿ ಉರುಳಿ ಹೋಗೋದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ನಾನೇ ಬಿಟ್ಟುಬಿಡ್ತೀನೇನೋ ಅಂತ ಭಯ. ಸ್ನಾನಕ್ಕೆ ನೀರು ತೋಡಿದ್ರೂ ಹಾಗೇ. ನಮ್ಮೂರಲ್ಲಿ ಒಬ್ಬರಿಗೆ ಬಾಣಂತಿ ಸನ್ನಿ ಆಗಿತ್ತಂತೆ, ಕೋಣೇಲಿ ಕಟ್ಟಿಹಾಕಿದ್ರಂತೆ. ನಾನು ಇದನ್ನ ಹೇಳಿದ್ರೆ ಮಗುನ ಕಿತ್ಕೋತಾರೆ ಅಲ್ವಾ?"

ಮೂಲೆಯಲ್ಲಿ ನೆಲದ ಮೇಲೆ ಕೂರುವುದು, ಸ್ನಾನ ಮಾಡಿಸದಿರುವುದು, ಮಹಡಿ ಬಿಟ್ಟಿದ್ದು, ಎಲ್ಲಕ್ಕೂ ಇದೇ ಕಾರಣ. ಮಗು ಬೇಡವಾಗಿ ದೂರ ಇಟ್ಟಿದ್ದಲ್ಲ. ಮಗುವನ್ನು ತನ್ನಿಂದಲೇ ಕಾಪಾಡುತ್ತಿದ್ದರು.

ಇಲ್ಲಿ ನನ್ನಂಥವರು ಎಡವಬಾರದು. ಬಾಣಂತಿ ಸನ್ನಿ ಎಂದು ಹಳ್ಳಿಯಲ್ಲಿ ಕರೆಯುವುದರಲ್ಲಿ ಒಂದು ನಿಜವಾದ ತುರ್ತು ಕಾಯಿಲೆ ಸೇರಿದೆ. ಸಾವಿರ ಹೆರಿಗೆಗೆ ಒಂದೆರಡು ಕಡೆ ಆಗುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ವಾರದಲ್ಲಿ. ಇಲ್ಲದ ದನಿ ಕೇಳಿಸುತ್ತದೆ, ಮಗು ದೆವ್ವವೋ ದೇವರೋ ಎಂಬ ಗಟ್ಟಿ ನಂಬಿಕೆ ಬರುತ್ತದೆ, ಮಾತು ಹಳಿ ತಪ್ಪುತ್ತದೆ. ಆಗ ಒಂದು ಗಂಟೆಯೂ ಕಾಯಬಾರದು. ಸುಧಾ ಹೇಳಿದ್ದು ಅದಲ್ಲ. ಅವರಿಗೆ ತಮ್ಮ ಯೋಚನೆ ಕಂಡರೆ ತಮಗೇ ಅಸಹ್ಯ, ಭಯ. ಅದು ತನ್ನ ಇಚ್ಛೆಯಲ್ಲ ಎಂದು ಅವರಿಗೆ ಗೊತ್ತು. ಬೇಡ ಬೇಡ ಅಂದರೂ ನುಗ್ಗುವ ಇಂಥ ಚಿತ್ರಗಳು ಹೊಸ ತಾಯಂದಿರಲ್ಲಿ ಎಷ್ಟೋ ಜನಕ್ಕೆ ಬರುತ್ತವೆ. ಯಾರೂ ಹೇಳುವುದಿಲ್ಲ ಅಷ್ಟೇ. ಆದರೂ ದನಿ, ನಂಬಿಕೆ, ಅಪ್ಪಣೆ ಎಲ್ಲವನ್ನೂ ಒಂದೊಂದಾಗಿ ಕೇಳಿ ಖಾತ್ರಿ ಮಾಡಿಕೊಂಡೆ.

ಮಗುವನ್ನು ಕಿತ್ತುಕೊಳ್ಳುವ ಮಾತಿಗೆ ಕಾನೂನೇ ಉತ್ತರ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ತಾಯಿ ಆಸ್ಪತ್ರೆಗೆ ಸೇರಿದರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡುವ ಹಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಜೊತೆಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕವೇ ಇದೆ. ಇದನ್ನು ಹೇಳಿದ ಮೇಲೆ ಸುಧಾ ಅತ್ತರು. ಮೂರನೇ ವಾರದ ನಂತರ ಮೊದಲ ಸಲ.

ಯಾರಿಗೆ ಎಷ್ಟು ಹೇಳುವುದು ಎಂಬುದನ್ನು ಅಲ್ಲೇ ಬೆಂಚಿನ ಮೇಲೆ ತೀರ್ಮಾನ ಮಾಡಿದೆವು. ಗಂಡನಿಗೆ ಎಲ್ಲ. ಅಮ್ಮನಿಗೆ ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ, ನಾಳೆಯೇ ಡಾಕ್ಟರ್ ನೋಡಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ ಎಂಬಷ್ಟು. ಮೆಟ್ಟಿಲಿನ ಮಾತು ಅಮ್ಮನಿಗೆ ಬೇಡ. ರಾತ್ರಿ ಏನಾದರೂ ಹೆಚ್ಚುಕಡಿಮೆ ಆದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ತಂಗಿಯ ಫೋನಿಗೆ ಹಾಕಿದೆ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಗಂಡ ಆ ರಾತ್ರಿಯ ಬಸ್ಸಿಗೇ ಹೊರಟು ಬಂದರು.

ಚಿಕಿತ್ಸೆ

ಜಿಲ್ಲಾಸ್ಪತ್ರೆಯ ಮನೋವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಇಂಥದ್ದೇ ಲಕ್ಷಣ ಬರಬಹುದು. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 8.9. ಕಬ್ಬಿಣದ ಮಾತ್ರೆಯ ಜೊತೆ ಸರ್ಟ್ರಲಿನ್ ಎಂಬ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಎದೆಹಾಲಿಗೆ ಸೇರುವುದು ತುಂಬಾ ಕಡಿಮೆ ಎಂಬ ಕಾರಣಕ್ಕೆ ಬಾಣಂತಿಯರಿಗೆ ಹೆಚ್ಚಾಗಿ ಆರಿಸುವ ಮಾತ್ರೆ ಅದು. ಕೆಲಸ ಮಾಡಲು ಮೂರ್ನಾಲ್ಕು ವಾರ ಬೇಕು ಎಂದೂ ಹೇಳಿದರು.

ಹತ್ತನೇ ದಿನಕ್ಕೆ ಮಾತ್ರೆ ನಿಂತಿತು. ಪಕ್ಕದ ಮನೆಯವರೊಬ್ಬರು "ತಲೆ ಮಾತ್ರೆ ತಿಂದ್ರೆ ಹಾಲು ಕೆಡುತ್ತೆ, ಮಗು ಮಂಕಾಗುತ್ತೆ" ಎಂದಿದ್ದರು. ಸುಧಾಗೂ ಏನೂ ವ್ಯತ್ಯಾಸ ಕಾಣಿಸಿರಲಿಲ್ಲ. ನನಗೆ ಗೊತ್ತಾಗುವಾಗ ಇನ್ನೊಂದು ವಾರ ಕಳೆದಿತ್ತು, ಸುಧಾ ಮೊದಲಿಗಿಂತ ಕುಗ್ಗಿದ್ದರು.

ಇದನ್ನು ಸರಿ ಮಾಡಿದ್ದು ನಾನಲ್ಲ, ಡಾಕ್ಟರೂ ಅಲ್ಲ, ಅಮ್ಮ. ಎರಡನೇ ಸಲ ಡಾಕ್ಟರ್ ಹತ್ತಿರ ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಇದು ಬಾಣಂತಿಗೆ ಅಂತಲೇ ಕೊಡೋ ಔಷಧಿನಾ?" ಬಾಣಂತಿಯರಿಗೂ ಕೊಡುತ್ತೇವಮ್ಮಾ ಎಂದರು ಡಾಕ್ಟರ್. ಅಲ್ಲಿಗೆ ಮುಗಿಯಿತು. ಮಾತ್ರೆಯ ಪಟ್ಟಿ ಅಂಟಿನುಂಡೆ ಡಬ್ಬಿಯ ಪಕ್ಕಕ್ಕೆ ಹೋಯಿತು. ಬೆಳಿಗ್ಗೆ ತಿಂಡಿಯಾದ ತಕ್ಷಣ ಅಮ್ಮನೇ ಎಣಿಸಿ ಕೈಗೆ ಕೊಡುತ್ತಿದ್ದರು. ಯಾರಾದರೂ ಕೇಳಿದರೆ "ಬಾಣಂತಿ ಔಷಧಿ" ಎನ್ನುತ್ತಿದ್ದರು. ಮನಸ್ಸಿನ ಕಾಯಿಲೆಯನ್ನು ಮುಚ್ಚಿಡಬಾರದು ಎಂದು ವೇದಿಕೆ ಮೇಲೆ ಭಾಷಣ ಮಾಡುವವಳು ನಾನು. ಆದರೆ ಆ ಮನೆಯಲ್ಲಿ ಆ ಎರಡು ಪದ ಮಾಡಿದ ಕೆಲಸ ನೋಡಿ ಸುಮ್ಮನಾದೆ.

ಎರಡನೆಯದು ನಿದ್ದೆ. ರಾತ್ರಿ ಹತ್ತರಿಂದ ಮೂರರವರೆಗೆ ಸುಧಾರನ್ನು ಎಬ್ಬಿಸಬಾರದು ಎಂಬುದು ಡಾಕ್ಟರ್ ಷರತ್ತು. ಗಂಡ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದು ಅಲ್ಲೇ ಉಳಿದರು. ಹಿಂಡಿಟ್ಟ ಹಾಲನ್ನು ಬಾಟಲಿಯಲ್ಲಿ ಕೊಡಲು ಅಮ್ಮ ಒಪ್ಪಲಿಲ್ಲ. ಅಜ್ಜಿ ಅಟ್ಟದಿಂದ ಹಳೆಯ ಒಳಲೆ ಇಳಿಸಿದರು. ಸುಧಾ ಸ್ವತಃ ಕುಡಿದು ಬೆಳೆದ ಒಳಲೆ. ಅದರಲ್ಲಿ ಅಪ್ಪನಾದವನು ಹಾಲು ಕುಡಿಸಲು ಕಲಿತಿದ್ದು, ಅರ್ಧ ಹಾಲು ಬನಿಯನ್ ಮೇಲೆ ಚೆಲ್ಲಿಕೊಂಡಿದ್ದು ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಬಂದ ನಗು.

ಮೆಟ್ಟಿಲಿಗೆ ಬೇರೆ ದಾರಿ ಹಿಡಿದೆವು. ಮೊದಲ ವಾರ ಮಗುವಿಲ್ಲದೆ ಮೊದಲ ಮೆಟ್ಟಿಲ ಮೇಲೆ ಐದು ನಿಮಿಷ ನಿಲ್ಲುವುದು. ಆಮೇಲೆ ಗಂಡ ಮಗು ಹಿಡಿದು ಮುಂದೆ, ಸುಧಾ ಹಿಂದೆ. ಆಮೇಲೆ ಸುಧಾ ಕೈಯಲ್ಲಿ ಮಗು, ಪಕ್ಕದಲ್ಲಿ ತಂಗಿ. ಆ ಚಿತ್ರ ಬಂದರೆ ಓಡಿಸಬೇಡಿ, ಬಂತು ಅಂದುಕೊಳ್ಳಿ, ನಿಂತಲ್ಲೇ ನಿಲ್ಲಿ ಎಂದಿದ್ದೆ. ಏಳನೇ ವಾರದ ಹೊತ್ತಿಗೆ ಒಬ್ಬರೇ ಮಗು ಎತ್ತಿಕೊಂಡು ತಾರಸಿಗೆ ಹೋಗಿ ಬಿಸಿಲಿಗೆ ಹಾಕಿದ ಸಂಡಿಗೆ ನೋಡಿಕೊಂಡು ಬಂದರು. ಮಾತ್ರೆ ಮತ್ತೆ ಶುರುವಾದ ಆರು ವಾರಕ್ಕೆ ಅಂಕ 11, ಮೂರು ತಿಂಗಳಿಗೆ 5. ಈ ಸಲ ಎರಡೂ ಬಾರಿ ಒಬ್ಬರನ್ನೇ ಕೂರಿಸಿ ಕೇಳಿದ್ದು.

ಗೆಳೆತನದ ವಿಷಯ

ಇದು ಚಿಕಿತ್ಸೆಯ ಬಾಲದಲ್ಲಿ ಬರುವ ವಿಷಯ ಅಲ್ಲ. ಸುಧಾ ಯಾಕೆ ಯಾರಿಗೂ ಹೇಳಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇತ್ತು. "ಅಮ್ಮನಿಗೆ ಹೇಳಿದ್ರೆ ತನ್ನ ಆರೈಕೆ ಸರಿ ಇಲ್ಲ ಅಂದ್ಕೋತಾಳೆ. ಗಂಡನಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾರೆ. ಹೇಳೋದಿದ್ರೆ ವೀಣಾಗೆ ಹೇಳಬೇಕಿತ್ತು. ಮಗುಗೋಸ್ಕರ ಅಷ್ಟು ಕಷ್ಟಪಡ್ತಿರೋಳ ಹತ್ತಿರ ನನಗೆ ಈ ಮಗು ನೋಡಿದ್ರೆ ಏನೂ ಅನ್ಸಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?" ಎಂದರು. ಸುತ್ತ ಅಷ್ಟು ಜನ ಇದ್ದರು, ಎಲ್ಲರೂ ಒಳ್ಳೆಯವರೇ. ಒಬ್ಬೊಬ್ಬರಿಗೂ ಹೇಳದಿರಲು ಒಂದೊಂದು ಒಳ್ಳೆಯ ಕಾರಣ ಇತ್ತು.

ಶಾಹೀನ ಪ್ರತಿ ಶನಿವಾರ ಬರತೊಡಗಿದರು. ನಾನು ಅವರಿಗೆ ಹೇಳಿದ್ದು ಸ್ವಲ್ಪವೇ. ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳಬೇಡಿ, ಮೊದಲು ಸುಧಾ ಹತ್ತಿರ ಕೂರಿ. ಬುದ್ಧಿ ಹೇಳಬೇಡಿ. ಅರ್ಧ ಗಂಟೆ ಸಾಕು. ಗೋವಾದಲ್ಲಿ ಅಕ್ಕಪಕ್ಕದ ಸಾಮಾನ್ಯ ಹೆಂಗಸರಿಗೇ ತರಬೇತಿ ಕೊಟ್ಟು ಬಸುರಿ, ಬಾಣಂತಿಯರ ಖಿನ್ನತೆಗೆ ನೆರವು ಕೊಡಿಸಿದ ಪ್ರಯೋಗ ನಡೆದಿದೆ. ಶಾಹೀನ ಮಾಡಿದ್ದೂ ಹೆಚ್ಚುಕಡಿಮೆ ಅದೇ, ತರಬೇತಿ ಇಲ್ಲದೆ. ಆದರೆ ಅದಕ್ಕೂ ಬೆಲೆ ಇದೆ. ಮೂರನೇ ತಿಂಗಳಲ್ಲಿ ಒಂದು ದಿನ ಶಾಹೀನ ನನ್ನ ಮುಂದೆ ಸಿಡಿದರು: "ಎಲ್ಲರೂ ಅವಳು ಹೇಗಿದ್ದಾಳೆ ಅಂತಾರೆ. ಶನಿವಾರ ನನಗೂ ಮನೆ ಇದೆ, ಎರಡು ಮಕ್ಕಳಿವೆ. ನನ್ನನ್ನ ಯಾರೂ ಕೇಳಲ್ಲ." ಸರಿಯಾದ ಮಾತು. ಮುಂಚೆಯೇ ನಾನು ಕೇಳಬೇಕಿತ್ತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಎಂದು ಮಾಡಿಕೊಂಡರು.

ವೀಣಾ ವಿಷಯದಲ್ಲಿ ನಾನು ತೆಗೆದುಕೊಂಡ ತೀರ್ಮಾನದ ಬಗ್ಗೆ ಇವತ್ತಿಗೂ ನನಗೆ ಸಮಾಧಾನ ಇಲ್ಲ. ಆಟೋ ಸ್ಟ್ಯಾಂಡಿನ ಮಾತು ಕೇಳಿದ ಸಂಜೆಯೇ ವೀಣಾಗೆ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದರು ಶಾಹೀನ. ನಾನು ತಡೆದೆ. ಕಾಯಿಲೆಯ ವಿಷಯ ಸುಧಾ ಅವರದು, ಹೇಳುವುದು ಬಿಡುವುದು ಅವರ ಹಕ್ಕು ಎಂದೆ. ಸುಧಾಗೆ ಗುಂಪಿನಲ್ಲಿ ಏನಾಗಿದೆ ಎಂಬುದೇ ಗೊತ್ತಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಶಾಹೀನ ತಿಳಿಸಿದರು. ಆ ವಾರ ಸುಧಾ ಮತ್ತೆ ಕುಸಿದರು. ಈಗ ಬೇಡ, ನಾನೇ ಹೇಳುತ್ತೇನೆ, ಸ್ವಲ್ಪ ದಿನ ಹೋಗಲಿ ಎಂದರು. ಹೀಗೆ ಐದು ತಿಂಗಳು ಹೋಯಿತು.

ಈಗ ಯೋಚಿಸಿದರೆ, ಅಲ್ಲಿ ಎರಡು ವಿಷಯ ಇದ್ದವು. ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟೆ. ಸುಧಾಗೆ ಖಿನ್ನತೆ ಎಂಬುದು ಅವರ ಗುಟ್ಟು. ಆ ಫೋಟೋ ಕಳಿಸಿದ್ದು ತಂಗಿ ಎಂಬುದು ಕಾಯಿಲೆಯ ವಿಷಯ ಅಲ್ಲವೇ ಅಲ್ಲ. "ಆ ಫೋಟೋ ಹಾಕಿದ್ದು ನಾನು ಅಕ್ಕಾ, ಅಕ್ಕ ನಿಮ್ಮ ಮೆಸೇಜ್ ನೋಡಿಲ್ಲ" ಎಂದು ತಂಗಿಯೇ ಒಂದು ಸಾಲು ಬರೆಯಬಹುದಿತ್ತು. ಸುಧಾರನ್ನು ಅಷ್ಟಕ್ಕೆ ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ನಾನು ಕೇಳಲೇ ಇಲ್ಲ. ಗುಟ್ಟು ಕಾಪಾಡುವ ನಿಯಮವನ್ನು ಹಿಡಿದುಕೊಂಡು, ಯಾವುದು ಗುಟ್ಟು ಎಂದು ನೋಡುವುದನ್ನು ಮರೆತೆ. ಇನ್ನೊಬ್ಬ ಹೆಂಗಸು ತನ್ನ ದುಃಖದ ಜೊತೆ ಅವಮಾನವನ್ನೂ ಐದು ತಿಂಗಳು ಹೊತ್ತುಕೊಂಡರು. ವೀಣಾ ನನ್ನ ಹತ್ತಿರ ಬಂದವರಲ್ಲ. ಹಾಗಂತ ಅವರ ಲೆಕ್ಕ ನನ್ನದಲ್ಲ ಎನ್ನಲು ಆಗುವುದಿಲ್ಲ.

ತಂಗಿಯ ಪಾಡು ಬೇರೆ. ಒಳ್ಳೆಯದಾಗಲಿ ಎಂದು ಮಾಡಿದ್ದು ಹೀಗಾಯಿತಲ್ಲ ಎಂದು ಪರೀಕ್ಷೆ ಹೊತ್ತಲ್ಲಿ ಊಟ ಬಿಟ್ಟಿದ್ದಳು. ಒಂದು ಸಲ ಅವಳನ್ನೂ ಕೂರಿಸಿಕೊಂಡು ಮಾತಾಡಿದೆ. ನೀನು ಫೋಟೋ ಹಾಕಿದ್ದರಿಂದಲೇ ಶಾಹೀನಗೆ ಸಿಟ್ಟು ಬಂತು, ಸಿಟ್ಟು ಬಂದಿದ್ದಕ್ಕೇ ಮನೆಗೆ ಬಂದರು ಎಂದೆ. ಪೂರ್ತಿ ಒಪ್ಪಲಿಲ್ಲ.

ಕೊನೆಗೆ ಸುಧಾ ವಾಯ್ಸ್ ಮೆಸೇಜ್ ಮಾಡಿದರು. ಮೂರು ಸಲ ಮಾತಾಡಿ ಅಳಿಸಿ, ನಾಲ್ಕನೆಯದನ್ನು ಕಳಿಸಿದರು. ಆ ಫೋಟೋ ನಾನು ಕಳಿಸಿದ್ದಲ್ಲ, ನಿನ್ನ ಮೆಸೇಜನ್ನೂ ಓದಿರಲಿಲ್ಲ, ಆಗ ನನಗೆ ಹೀಗೆ ಹೀಗೆ ಆಗಿತ್ತು ಎಂದು. ವೀಣಾ ಉತ್ತರ ಬಂದಿದ್ದು ಒಂಬತ್ತು ದಿನದ ಮೇಲೆ: "ನೀನು ಓದಿಯೂ ಹಾಗೆ ಮಾಡಿದೆ ಅಂದ್ಕೊಂಡು ಇಷ್ಟು ದಿನ ಕಳೆದಿದ್ದೀನಿ. ಅದು ಸುಳ್ಳು ಅಂತ ಗೊತ್ತಾಯ್ತು. ಆದ್ರೂ ಒಂದೇ ದಿನಕ್ಕೆ ಹೋಗಲ್ಲ ಕಣೇ."

ಈ ಪ್ರಕರಣದಿಂದ ನನ್ನ ಕೆಲಸದಲ್ಲಿ ಬದಲಾದದ್ದು

ಪ್ರಶ್ನಾವಳಿಯನ್ನು ಮನೆಯವರ ಮುಂದೆ ಕೇಳುವುದಿಲ್ಲ. ಒಂಟಿಯಾಗಿ ಸಿಗುವ ಜಾಗ ಇಲ್ಲದಿದ್ದರೆ ಕಾಯುತ್ತೇನೆ. ಲಸಿಕೆಯ ದಿನ, ಆಸ್ಪತ್ರೆಯ ಸಾಲು, ಔಷಧಿ ಅಂಗಡಿಗೆ ಹೋಗುವ ದಾರಿ, ಎಲ್ಲಾದರೂ ಆಗುತ್ತದೆ. ಒಬ್ಬರೇ ಹೆಂಗಸು, ಅವೇ ಹತ್ತು ಪ್ರಶ್ನೆ, ಹತ್ತು ದಿನದ ಅಂತರದಲ್ಲಿ 6 ಹೋಗಿ 17 ಆಯಿತು. ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನೂ ಈಗ ಅಂಕದ ಜೊತೆ ಬರೆದಿಡುತ್ತೇನೆ.

"ಎಲ್ಲ ಸರಿ ಇರುವ" ಮನೆ ಎಂದರೆ ಈಗ ಜಾಸ್ತಿ ಎಚ್ಚರ ವಹಿಸುತ್ತೇನೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ನೂರರಲ್ಲಿ 22 ತಾಯಂದಿರಿಗೆ ಹೆರಿಗೆ ನಂತರದ ಖಿನ್ನತೆ ಎಂದು ಅದರ ಲೆಕ್ಕ. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಒಂದು ಬೀದಿಯಲ್ಲಿ ಅಷ್ಟು ಜನ ಇದ್ದರೂ ನಮಗೆ ಕಾಣುವುದಿಲ್ಲ ಎಂದರೆ, ಕೇಳುವ ರೀತಿಯಲ್ಲೇ ಏನೋ ತಪ್ಪಿದೆ.

ಜಂಬ ಬಂದಿದೆ ಎಂದು ಯಾರಾದರೂ ದೂರು ಹೇಳಿದರೆ, ಈಗ ನಾನು ಮೊದಲು ಕೇಳುವುದು: ಅವರ ದನಿ ಕೇಳಿ ಎಷ್ಟು ದಿನ ಆಯಿತು? ಫೋಟೋ ಅಲ್ಲ, ದನಿ.

ಸುಧಾ ಮಗುವಿನ ಎಂಟನೇ ತಿಂಗಳಲ್ಲಿ ಬೆಂಗಳೂರಿಗೆ ಮರಳಿದರು. ಸಂಬಳದ ರಜೆ ಮುಗಿದಿತ್ತು, ಮತ್ತೆರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದರು. ಹೋಗುವಾಗ ಒಳಲೆಯನ್ನೂ ಕಟ್ಟಿಕೊಟ್ಟರಂತೆ, ಮಗು ಆಗಲೇ ರಾಗಿ ಸರಿ ತಿನ್ನುತ್ತಿದ್ದರೂ. ಮಾತ್ರೆ ಮುಂದುವರಿದಿದೆ, ಯಾವಾಗ ಕಡಿಮೆ ಮಾಡುವುದು ಎಂದು ಡಾಕ್ಟರ್ ಹೇಳಬೇಕು. ವೀಣಾ ವಾಟ್ಸಾಪ್ ಗುಂಪಿಗೆ ಮತ್ತೆ ಸೇರಿಲ್ಲ. ಭಾನುವಾರ ಸಂಜೆ ಇಬ್ಬರೂ ಫೋನಿನಲ್ಲಿ ಹತ್ತು ಹದಿನೈದು ನಿಮಿಷ ಮಾತಾಡುತ್ತಾರೆ. ಮಗುವಿನ ಸುದ್ದಿ ವೀಣಾ ಕೇಳಿದರೆ ಮಾತ್ರ. ಕೆಲವು ಭಾನುವಾರ ಕೇಳುತ್ತಾರೆ.